ಗುಮ್ಮಟದ ತಾತನ ಬುರುಡೆ

ನನ್ನ ಮಾವ ಸುಳ್ಳು ಹೇಳುತ್ತಿದ್ದರು. ಸಣ್ಣಪುಟ್ಟ ಸುಳ್ಳಲ್ಲ, ಕಲ್ಲು ಗಾರೆ ಹಾಕಿ ಕಟ್ಟಿದಂಥ ಸುಳ್ಳು. ಅದೂ ಎಲ್ಲಿ? ಊರಿನ ಹಳೆಯ ಸಾರ್ವಜನಿಕ ಗ್ರಂಥಾಲಯದಲ್ಲಿ, ನಾಲ್ಕು ಜನ ಓದಿದವರು ಓಡಾಡುವ ಜಾಗದಲ್ಲಿ. ಅಲ್ಲಿನ ಹರಿದ ಪುಸ್ತಕಗಳನ್ನೆಲ್ಲ ಹೊಲಿದು, ರಟ್ಟು ಹಾಕಿ, ಬೆನ್ನಿಗೆ ಬಟ್ಟೆ ಅಂಟಿಸುವವಳು ನಾನು. ನನಗೆ ಸಿಟ್ಟು ಬಂದರೆ ಅದರಲ್ಲಿ ತಪ್ಪೇನು ಹೇಳಿ.

ಅವರು ಅಲ್ಲೇ ಅಟೆಂಡರ್ ಆಗಿದ್ದು ನಿವೃತ್ತರಾದವರು. ಮದುವೆಯಾಗಿ ಬಂದ ಹೊಸದರಲ್ಲಿ ನನ್ನನ್ನು ಕರೆದುಕೊಂಡು ಹೋಗಿ ಬೈಂಡಿಂಗ್ ಕೋಣೆಗೆ ಸೇರಿಸಿದವರೂ ಅವರೇ. ನಿವೃತ್ತಿಯಾದ ಮೇಲೆ ಮನೆಯಲ್ಲಿ ಕೂತು ನನ್ನ ಅಡುಗೆಮನೆಯ ಡಬ್ಬಗಳನ್ನೆಲ್ಲ ಅಕ್ಷರಮಾಲೆಯ ಪ್ರಕಾರ ಜೋಡಿಸತೊಡಗಿದರು. ಉಪ್ಪು ಹುಡುಕುವಷ್ಟರಲ್ಲಿ ಒಲೆಯ ಮೇಲಿದ್ದದ್ದು ಸೀದು ಹೋಗುತ್ತಿತ್ತು. ನಾನೇ ಗ್ರಂಥಪಾಲಕರ ಕೈಕಾಲು ಹಿಡಿದು, ಕಟ್ಟಡ ನೋಡಲು ಬರುವವರಿಗೆ ಇವರು ಸುತ್ತು ಹಾಕಿಸಲಿ ಎಂದು ಒಪ್ಪಿಸಿದೆ. ಹಾಗೆ ನೋಡಿದರೆ ಆ ಸುಳ್ಳುಗಳಿಗೆಲ್ಲ ಬಾಗಿಲು ತೆಗೆದುಕೊಟ್ಟವಳು ನಾನೇ.

ಕಟ್ಟಡ ಮಾತ್ರ ನೋಡಬೇಕಾದದ್ದೇ. ಎರಡು ಬೀದಿ ಸೇರುವ ಮೂಲೆಯಲ್ಲಿ ಅಗಲವಾದ ಮೆಟ್ಟಿಲು. ಬಾಗಿಲ ನೆತ್ತಿಯಲ್ಲಿ ಗಡ್ಡ ಬಿಟ್ಟ ಒಂದು ಕಲ್ಲಿನ ಮುಖ. ಒಳಗೆ ದುಂಡನೆಯ ಓದುವ ಹಜಾರ, ಸುತ್ತಲೂ ಕಬ್ಬಿಣದ ಕಂಬಗಳು, ಕಂಬಗಳ ಮೇಲೆ ಗ್ಯಾಲರಿ, ಎಲ್ಲಕ್ಕೂ ಮೇಲೆ ಗುಮ್ಮಟ, ಗುಮ್ಮಟದ ನಡುನೆತ್ತಿಯಲ್ಲಿ ಗಾಜಿನ ಕಿಂಡಿ. ಹಿಂಭಾಗದ ಪುಸ್ತಕದ ಉಗ್ರಾಣದಲ್ಲಿ ಮಹಡಿಗಳ ನೆಲವೇ ದಪ್ಪ ಗಾಜಿನದು. ವಿದ್ಯುತ್ ದೀಪ ಬರುವ ಮೊದಲು ಕಟ್ಟಿದ್ದು, ಬೆಳಕು ಒಂದು ಮಹಡಿಯಿಂದ ಇನ್ನೊಂದಕ್ಕೆ ಇಳಿದು ಬರಲಿ ಎಂದು ಹಾಗೆ ಮಾಡಿದ್ದಾರೆ. ಮೇಲಿನ ಮಹಡಿಯಲ್ಲಿ ಯಾರಾದರೂ ನಡೆದರೆ ಚಪ್ಪಲಿಯ ಅಡಿ ಮಾತ್ರ ಮಸುಕಾಗಿ ಕಾಣುತ್ತದೆ.

ಮಾವ ಬಂದವರ ಕತ್ತನ್ನೆಲ್ಲ ಮೊದಲು ಗುಮ್ಮಟದ ಕಡೆಗೆ ಎತ್ತಿಸುತ್ತಿದ್ದರು. ಅದಕ್ಕೇ ಅವರಿಗೆ ಗುಮ್ಮಟದ ತಾತ ಎಂದು ಹೆಸರು ಬಿತ್ತು. ಕತ್ತು ಮೇಲಾದ ಮೇಲೆ ಬುರುಡೆ ಶುರು. ಬಾಗಿಲ ಮೇಲಿನ ಗಡ್ಡದ ಮುಖ ಕಟ್ಟಡದ ಗುತ್ತಿಗೆದಾರನ ಮಾವನದಂತೆ. ನಮ್ಮಪ್ಪನಿಗೆ ಮರ್ಯಾದೆ ಕೊಡಲಿಲ್ಲ ಎಂದು ಹೆಂಡತಿ ಮುನಿಸಿಕೊಂಡು ತವರು ಸೇರಿದಳಂತೆ, ಅವಳನ್ನು ಕರೆತರಲು ಅವನು ಮಾವನ ಮುಖವನ್ನೇ ಊರೆಲ್ಲ ತಲೆಯೆತ್ತಿ ನೋಡುವ ಹಾಗೆ ಕೆತ್ತಿಸಿದನಂತೆ. ಕಬ್ಬಿಣದ ಕಂಬಗಳು ಯಾವುದೋ ರೈಲು ನಿಲ್ದಾಣಕ್ಕೆ ಹೊರಟಿದ್ದವು, ಗಾಡಿಯವನು ದಾರಿ ತಪ್ಪಿ ಇಲ್ಲಿ ಇಳಿಸಿ ಹೋದನಂತೆ. ಮೆಟ್ಟಿಲುಗಳಲ್ಲಿ ಒಂದು ಕೊಂಚ ತಗ್ಗಾಗಿದೆ, ಅದು ಮೇಸ್ತ್ರಿಯ ಬಸುರಿ ಹೆಂಡತಿ ಬುತ್ತಿ ಹೊತ್ತು ಹತ್ತಲಿ ಎಂದು ಮಾಡಿದ್ದಂತೆ. ಪಕ್ಕದ ಗೋಡೆಯ ಸಣ್ಣ ಬಾಗಿಲು ಮೊದಲ ಗ್ರಂಥಪಾಲಕ ಹೆಂಡತಿಗೆ ಹೆದರಿ ತಪ್ಪಿಸಿಕೊಳ್ಳಲು ಇಡಿಸಿಕೊಂಡದ್ದಂತೆ.

ನನ್ನ ಕೋಣೆ ಮೆಟ್ಟಿಲಿನ ಕೆಳಗೇ ಇರುವುದರಿಂದ ಇದೆಲ್ಲ ನನ್ನ ಕಿವಿಗೆ ಬೀಳುತ್ತಿತ್ತು. ದಬ್ಬಣ ಕೈಯಲ್ಲಿ ಹಿಡಿದು ಹಲ್ಲು ಕಡಿಯುತ್ತಿದ್ದೆ. ಜನ ಮಾತ್ರ ಗೊಳ್ಳೆಂದು ನಗುತ್ತಿದ್ದರು, ಮುಂದಿನ ವಾರ ನೆಂಟರಿಷ್ಟರನ್ನು ಕಟ್ಟಿಕೊಂಡು ಮತ್ತೆ ಬರುತ್ತಿದ್ದರು. ಸಂಜೆ ಇಬ್ಬರೂ ಒಟ್ಟಿಗೆ ಮನೆಗೆ ನಡೆಯುವಾಗ ನಾನು ದಾರಿಯುದ್ದಕ್ಕೂ ಬೈಯುತ್ತಿದ್ದೆ. ಓದಿದವರ ಕಿವಿಯ ಮೇಲೆ ಹೂವಿಡುತ್ತೀರಲ್ಲ, ನಾಚಿಕೆ ಆಗುವುದಿಲ್ಲವೇ ಎಂದರೆ ಅವರು ನನ್ನ ಚೀಲವನ್ನು ತಾವೇ ಹೊತ್ತುಕೊಂಡು ಆರಾಮವಾಗಿ ನಡೆಯುವರು. "ತಾಯಿ, ಅವರು ಗೋಡೆ ನೋಡೋಕೆ ಬಂದಿರ್ತಾರೆ. ಗೋಡೆಗೆ ಬಾಯಿಲ್ಲ. ಯಾರಾದ್ರೂ ಮಾತಾಡ್ಬೇಕಲ್ಲ," ಎನ್ನುವರು. ಸರಕಿನ ಲಾರಿ ಓಡಿಸುವ ನನ್ನ ಗಂಡ ಯಾವುದೋ ಊರಿನಿಂದ ಫೋನ್ ಮಾಡಿದಾಗ ದೂರು ಹೇಳಿದರೆ, ಮಾವ ಸೊಸೆಯ ನಡುವೆ ನನ್ನನ್ನು ಎಳೆಯಬೇಡಿ ಎಂದು ಜಾರಿಕೊಳ್ಳುತ್ತಿದ್ದರು.

ಹೀಗಿರುವಾಗ ಗುಮ್ಮಟ ಸೋರತೊಡಗಿ, ಕಟ್ಟಡವನ್ನು ದುರಸ್ತಿಗೆಂದು ಮುಚ್ಚಿದರು. ನನ್ನ ಬೈಂಡಿಂಗ್ ಕೆಲಸ ಮಾತ್ರ ನಡೆದಿತ್ತು, ಮಾವನೂ ಎಂದಿನಂತೆ ಜೊತೆಗೆ ಬರುತ್ತಿದ್ದರು. ಕೆಲಸ ನೋಡಿಕೊಳ್ಳಲು ಒಬ್ಬಳು ಆರ್ಕಿಟೆಕ್ಟ್ ಬಂದಳು. ಚಿಕ್ಕ ವಯಸ್ಸು, ಕೂದಲಿನ ತುಂಬ ಸುಣ್ಣದ ಪುಡಿ, ಕೈಯಲ್ಲಿ ಯಾವಾಗಲೂ ಒಂದು ಪುಟ್ಟ ಸುತ್ತಿಗೆ. ಗೋಡೆ, ಕಂಬ, ಕಟ್ಟೆ ಯಾವುದನ್ನೂ ಬಿಡದೆ ಟಕಟಕ ಬಡಿದು ಕಿವಿಗೊಟ್ಟು ಕೇಳುತ್ತಿದ್ದಳು. ಮಾವ ಅವಳಿಗೆ ಸುತ್ತಿಗೆ ಮೇಡಂ ಎಂದು ಹೆಸರಿಟ್ಟರು.

ನನಗೆ ಅವಳು ಹಿಡಿಸಿದಳು. ಮಧ್ಯಾಹ್ನ ನನ್ನ ಕೋಣೆಗೆ ಬಂದು ಊಟದ ಡಬ್ಬಿ ಬಿಚ್ಚಿ, ಬೆಳಗ್ಗೆ ಕಂಡುಹಿಡಿದದ್ದನ್ನು ಹೇಳುವಳು. ಗಡ್ಡದ ಮುಖ ಯಾರದ್ದೂ ಅಲ್ಲ, ಕಲ್ಲೂ ಅಲ್ಲ, ಅಚ್ಚಿನಲ್ಲಿ ಗಾರೆ ಎರಕ ಹೊಯ್ದ ಸಿದ್ಧ ಮುಖ, ಬೇರೆ ಊರುಗಳಲ್ಲೂ ಅದೇ ಗಡ್ಡಪ್ಪ ಬಾಗಿಲು ಕಾಯುತ್ತಿದ್ದಾನೆ. ತಗ್ಗು ಮೆಟ್ಟಿಲು ಯಾವಾಗಲೋ ಒಡೆದು ಮತ್ತೆ ಕೂರಿಸುವಾಗ ಆದ ಎಡವಟ್ಟು. ಪಕ್ಕದ ಸಣ್ಣ ಬಾಗಿಲಿನ ವಿಷಯ ಹೇಳಿದಾಗ ಮಾತ್ರ ನಾನು ಕೈಯಲ್ಲಿದ್ದ ತುತ್ತನ್ನು ಕೆಳಗಿಟ್ಟೆ. ಅದು ಹೆಂಗಸರಿಗೆಂದು ಇಟ್ಟ ಬಾಗಿಲು. ದೊಡ್ಡ ಮೆಟ್ಟಿಲು ಹತ್ತಲು ಅವರಿಗೆ ಅಪ್ಪಣೆಯಿರಲಿಲ್ಲ. ಆ ಬಾಗಿಲಿನಿಂದ ಬಂದು ಒಂದು ಕಿರುಕೋಣೆಯಲ್ಲಿ ಕೂರಬೇಕು, ಬೇಕಾದ ಪುಸ್ತಕವನ್ನು ಕಿಟಕಿಯಿಂದ ಕೇಳಿ ಪಡೆಯಬೇಕು. ಎಷ್ಟೋ ವರ್ಷಗಳ ನಂತರ ಒಂದು ದಿನ ಕೆಲವು ಹೆಂಗಸರು ಗುಂಪಾಗಿ ಮುಂಬಾಗಿಲಿನಿಂದಲೇ ಬಂದು ಗುಮ್ಮಟದ ಕೆಳಗೆ ಕೂತು ಓದತೊಡಗಿದರಂತೆ. ಎಬ್ಬಿಸುವ ಧೈರ್ಯ ಯಾರಿಗೂ ಬರಲಿಲ್ಲವಂತೆ.

ಅಂದು ಸಂಜೆ ಮಾವನ ಮೇಲೆ ನಾನು ಹಾರಾಡಿದ್ದು ಅಷ್ಟಿಷ್ಟಲ್ಲ. ಇಂಥ ಬಾಗಿಲನ್ನು ಹಿಡಿದುಕೊಂಡು ಹೆಂಡತಿಗೆ ಹೆದರಿದವನ ಜೋಕು ಮಾಡಿ ನಗಿಸುತ್ತಿದ್ದಿರಲ್ಲ ಎಂದೆ. ಮರುದಿನ ಕೆಲಸದವರಿಗೆ ಅವರು ಕಂಬಗಳ ಕಥೆ ಹೇಳುತ್ತಿದ್ದಾಗ ಸುತ್ತಿಗೆ ಮೇಡಂ ಎಲ್ಲರೆದುರೇ, ತಾತ, ಅದು ಹಾಗಲ್ಲ ಎಂದುಬಿಟ್ಟಳು. ಮಾವನ ಮುಖ ಸಪ್ಪಗಾಯಿತು. ಆಮೇಲೆ ಅವಳು ಎದುರು ಬಂದರೆ ಇವರು ಮುಖ ತಿರುಗಿಸುವರು. ಸತ್ಯ ನನ್ನ ಕಡೆ ಇದ್ದರೂ ಅವರ ಆ ಸಪ್ಪೆ ಮುಖ ನೋಡಿ ಅಂದು ಸಂಜೆ ದಾರಿಯಲ್ಲಿ ನಾನು ಬೈಯಲಿಲ್ಲ.

ಅದೇ ದಿನಗಳಲ್ಲಿ ಅವರ ಗಂಟಲು ಒಡೆಯಿತು. ಸುಣ್ಣದ ಧೂಳು ಎಂದುಕೊಂಡು ಬಿಸಿನೀರು ಕುಡಿಸಿದೆ, ಉಪ್ಪುನೀರು ಮುಕ್ಕಳಿಸಲು ಕೊಟ್ಟೆ. ಹೋಗಲಿಲ್ಲ. ಆಸ್ಪತ್ರೆಯಲ್ಲಿ ಕೊಳವೆ ಇಳಿಸಿ ನೋಡಿದ ಡಾಕ್ಟರು ನನ್ನನ್ನೂ ಗಂಡನನ್ನೂ ಕೂರಿಸಿಕೊಂಡು, ಗಂಟಲಲ್ಲಿ ಗಡ್ಡೆಯಿದೆ, ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕು, ಜೀವಕ್ಕೆ ತೊಂದರೆಯಿಲ್ಲ, ಆದರೆ ಇನ್ನು ಮಾತು ಇರುವುದಿಲ್ಲ ಎಂದರು. ಸ್ವಲ್ಪವಾದರೂ ಉಳಿಸಲು ಆಗುವುದಿಲ್ಲವೇ ಎಂದು ನಾನು ಬಾಯಿಬಿಟ್ಟು ಬೇಡಿದೆ. ಅವರು ಒಳ್ಳೆಯವರು, ಸುಳ್ಳು ಹೇಳಲಿಲ್ಲ. ಹೊರಗೆ ಬೆಂಚಿನ ಮೇಲೆ ಕೂತಿದ್ದ ಮಾವನಿಗೆ ನನ್ನ ಗಂಡನೇ ತಿಳಿಸಿದರು. ಮಾವ ಚಪ್ಪಲಿ ಮೆಟ್ಟಿಕೊಂಡು ಎದ್ದು, ಇನ್ನು ನಿನ್ನ ಬೈಗುಳಕ್ಕೆ ಎದುರುತ್ತರ ಕೊಡೋರಿಲ್ಲ, ಭೇಷಾಯ್ತು ಬಿಡು ಎಂದು ನನ್ನನ್ನು ನೋಡಿ ನಕ್ಕರು. ನಾನು ಅಲ್ಲೇ ಗೋಡೆಗೆ ಮುಖ ಮಾಡಿ ಅತ್ತೆ.

ನನಗೆ ತಂದೆಯ ನೆನಪಿಲ್ಲ. ಮದುವೆಯಾಗಿ ಬಂದಾಗ ಆ ಮನೆಯಲ್ಲಿ ಅತ್ತೆ ಇರಲಿಲ್ಲ, ಗಂಡ ತಿಂಗಳಲ್ಲಿ ಮುಕ್ಕಾಲು ಪಾಲು ರಸ್ತೆಯ ಮೇಲೆ. ಮನೆ ಎಂದರೆ ನನಗೆ ಮಾವನ ದನಿ. ಬೆಳಗ್ಗೆ ತಾಯಿ, ಹಾಲು ಬಂತು ಎಂದು ಕೂಗುವ ದನಿ. ಜ್ವರ ಬಂದರೆ ಬಾಗಿಲ ಆಚೆ ನಿಂತು ಗಂಟೆಗೊಮ್ಮೆ ಹೇಗಿದ್ದೀಯಮ್ಮ ಎಂದು ಕೇಳುವ ದನಿ. ಅದು ಇನ್ನು ಇರುವುದಿಲ್ಲ ಎಂದರೆ ಏನು ಎಂದು ನನ್ನ ತಲೆಗೇ ಹೋಗಲಿಲ್ಲ.

ಗ್ರಂಥಾಲಯ ಮತ್ತೆ ತೆರೆದಾಗ ಬಂದವರಿಗೆಲ್ಲ ಕಿವಿಗೆ ಹಾಕಿಕೊಳ್ಳುವ ಹೆಡ್‌ಫೋನ್ ಕೊಡುತ್ತಾರೆ, ಅದರಲ್ಲಿ ಕಟ್ಟಡದ ಇತಿಹಾಸ ಕೇಳಿಸುತ್ತದೆ, ಅದನ್ನು ಸುತ್ತಿಗೆ ಮೇಡಂ ಬರೆಯುತ್ತಿದ್ದಾಳೆ ಎಂದು ನನಗೆ ಗೊತ್ತಿತ್ತು. ದನಿಗೆ ಯಾರನ್ನೋ ಹೊರಗಿನಿಂದ ಕರೆಸುವವರಿದ್ದರು. ನಾನು ನೇರವಾಗಿ ಅವಳ ಹತ್ತಿರ ಹೋದೆ. ಅವಳು ಬೊಂಬು ಕಟ್ಟಿದ ಸಾರುವೆಯ ಮೇಲೆ ಗುಮ್ಮಟಕ್ಕೆ ಮುಖ ಹಚ್ಚಿಕೊಂಡು ನಿಂತಿದ್ದಳು. ಕೆಳಗಿಳಿ ಎಂದು ಕೂಗಿ ಇಳಿಸಿದೆ. ಮಾವನ ವಿಷಯ ತಿಳಿಸಿ, ಆಪರೇಷನ್‌ಗೆ ಮೊದಲು ಅವರ ದನಿಯಲ್ಲೇ ಅದನ್ನು ಮಾಡಿಸಬೇಕು ಎಂದೆ. ಅವಳು ಸುತ್ತಿಗೆಯನ್ನು ಜೇಬಿಗೆ ಹಾಕಿಕೊಂಡಳು.

"ಮಾಡ್ಸೋಣ ಅಕ್ಕ. ಆದ್ರೆ ಬರೆದಿರೋದನ್ನ ಬರೆದ ಹಾಗೇ ಓದ್ಬೇಕು. ಒಂದೇ ಒಂದು ಬುರುಡೆನೂ ಇರ್ಬಾರ್ದು. ಇದು ನಾಳೆ ಮಕ್ಕಳು ಕೇಳೋದು," ಎಂದಳು.

ಅವಳು ಹೇಳಿದ್ದರಲ್ಲಿ ತಪ್ಪೇನಿರಲಿಲ್ಲ. ಆ ಸಣ್ಣ ಬಾಗಿಲನ್ನು ನೆನೆದು ನಾನೂ ಹೂಂ ಎಂದೆ.

ಮಾವ ಸುತರಾಂ ಒಪ್ಪಲಿಲ್ಲ. ಅವಳ ಮಾತಿಗೆ ನನ್ನ ದನಿ ಬಾಡಿಗೆಗೆ ಕೊಡಬೇಕೇ, ಇಷ್ಟು ವರ್ಷ ಆಡಿದ್ದು ಸಾಕು, ಬಾಯಿ ಹೋಗುವುದಾದರೆ ಮರ್ಯಾದೆಯಿಂದ ಹೋಗಲಿ ಎಂದು ಪಟ್ಟು ಹಿಡಿದು ಕೂತರು. ನಾನು ರಮಿಸಿದೆ, ಗದರಿದೆ, ಎರಡು ಹೊತ್ತು ಉಪ್ಪಿಲ್ಲದ ಅಡುಗೆ ಬಡಿಸಿದೆ. ಜಗ್ಗಲಿಲ್ಲ. ಆಸ್ಪತ್ರೆಗೆ ಸೇರುವ ದಿನ ಹತ್ತಿರವಾಯಿತು. ಕೊನೆಗೆ ಒಂದು ಬೆಳಗ್ಗೆ ಪಾತ್ರೆ ತೊಳೆಯುತ್ತಿದ್ದವಳು ಎದ್ದು ಬಂದು ಒದ್ದೆ ಕೈಯಲ್ಲೇ ಅವರ ಮುಂದೆ ನಿಂತೆ.

"ಮಾವ, ನೀವು ಏನು ಹೇಳ್ತೀರಿ ಅನ್ನೋದು ನಂಗೆ ಬೇಡ. ನಂಗೆ ನಿಮ್ಮ ದನಿ ಬೇಕು. ದಿನಸಿ ಚೀಟಿ ಓದಿದ್ರೂ ಸರಿ. ನಾಳೆ ಈ ಮನೇಲಿ ನಾನು ಏನನ್ನ ಕೇಳಿಸ್ಕೊಂಡು ಇರ್ಲಿ?"

ಅವರು ಎದ್ದು, ಅಂಗಿ ಹಾಕಿಕೊಂಡು, ನಡಿ ಎಂದರು.

ರೆಕಾರ್ಡಿಂಗ್ ನಡೆದದ್ದು ನನ್ನ ಬೈಂಡಿಂಗ್ ಕೋಣೆಯಲ್ಲೇ. ಗೋಡೆ ದಪ್ಪ, ಸುತ್ತಲೂ ಪುಸ್ತಕ, ಸದ್ದನ್ನೆಲ್ಲ ಕಾಗದ ಹೀರಿಕೊಳ್ಳುತ್ತದೆ ಎಂದು ಸುತ್ತಿಗೆ ಮೇಡಂ ಹೇಳಿದಳು. ನಾನು ಕಿಟಕಿಗೆ ಬೈಂಡಿಂಗ್ ಬಟ್ಟೆ ಜಡಿದೆ, ಅಂಟಿನ ಒಲೆ ಆರಿಸಿದೆ, ಮೂಲೆಯಲ್ಲಿ ಉಸಿರು ಬಿಗಿಹಿಡಿದು ಕೂತೆ. ಮಾವ ಕನ್ನಡಕ ಏರಿಸಿ ಓದತೊಡಗಿದರು. ಒಡೆದ ಗಂಟಲಿನಲ್ಲೂ ಅದೇ ಏರಿಳಿತ. ಮೊದಮೊದಲು ನಾಲಗೆ ಅಭ್ಯಾಸಬಲದಿಂದ ದಾರಿ ತಪ್ಪುತ್ತಿತ್ತು. ಗಡ್ಡದ ಮುಖದ ಹತ್ತಿರ ಬಂದಾಗ, ಇದು ಅಚ್ಚಿನಲ್ಲಿ ಎರಕ ಹೊಯ್ದದ್ದು, ಆದರೆ ಆ ಗುತ್ತಿಗೆದಾರನ ಮಾವ ಇದ್ದನಲ್ಲ, ಎಂದು ಶುರು ಮಾಡಿಯೇಬಿಟ್ಟರು. ಅವಳು ಕೈ ಎತ್ತಿದಳು. ಅವರು ಕೆಮ್ಮಿ, ಮತ್ತೆ ಮೊದಲಿನಿಂದ ಓದಿದರು. ಹೆಂಗಸರ ಬಾಗಿಲಿನ ಭಾಗ ಬಂದಾಗ ಒಂದು ಅಕ್ಷರವೂ ಆಚೀಚೆ ಆಗಲಿಲ್ಲ. ಓದಿ ಮುಗಿಸಿ, ಕನ್ನಡಕದ ಮೇಲಿನಿಂದ ನನ್ನ ಕಡೆ ನೋಡಿ, ಮುಂದಿನ ಹಾಳೆ ತಿರುವಿದರು.

ಕಂಬಗಳ ಭಾಗ ಬಂತು. ಆ ಕಬ್ಬಿಣದ ಕಂಬಗಳು ಒಳಗೆ ಟೊಳ್ಳು, ಗುಮ್ಮಟದ ಮೇಲೆ ಬಿದ್ದ ಮಳೆನೀರು ಅವುಗಳ ಒಳಗಿನಿಂದಲೇ ಇಳಿದು ನೆಲದಡಿಯ ತೊಟ್ಟಿಗೆ ಸೇರುತ್ತದೆ, ಜೋರು ಮಳೆಯಲ್ಲಿ ಕಂಬಕ್ಕೆ ಕಿವಿಯಿಟ್ಟರೆ ನೀರಿನ ಸದ್ದು ಕೇಳುತ್ತದೆ ಎಂದು ಬರೆದಿತ್ತು. ಮಾವ ಓದುತ್ತಾ ಓದುತ್ತಾ ನಿಧಾನವಾದರು, ನಿಂತೇಬಿಟ್ಟರು. ಹಾಳೆ ಕೆಳಗಿಟ್ಟು ಅವಳನ್ನು ನೋಡಿದರು.

"ಇದು ನಿಜಾನಾ ಮೇಡಂ?"

ನಿಜ ತಾತ ಎಂದಳು ಅವಳು.

"ನಲವತ್ತು ವರ್ಷ ಆ ಕಂಬಕ್ಕೆ ಒರಗಿಕೊಂಡು ನಿಂತಿದ್ದೀನಿ. ಮಳೆ ಬಂದಾಗ ಒಳಗೇನೋ ಗುಳುಗುಳು ಅಂತಿತ್ತು. ನನ್ನ ಹೊಟ್ಟೆನೇ ಅನ್ಕೊಂಡಿದ್ದೆ," ಎಂದರು.

ಸುತ್ತಿಗೆ ಮೇಡಂ ನಕ್ಕಳು, ನಾನೂ ನಕ್ಕೆ, ಆಮೇಲೆ ಮಾವನೂ ನಕ್ಕು ಕೆಮ್ಮಿ ಕಣ್ಣಲ್ಲಿ ನೀರು ತುಂಬಿಕೊಂಡರು. ರೈಲು ನಿಲ್ದಾಣಕ್ಕಿಂತ ಇದೇ ಚೆನ್ನಾಗಿದೆ, ಇದು ನನಗೆ ಯಾಕೆ ಹೊಳೆಯಲಿಲ್ಲ ಎಂದು ಅವರಿಗೆ ನಿಜವಾಗಿಯೂ ಹೊಟ್ಟೆಕಿಚ್ಚಾಗಿತ್ತು. ಅಂದಿನಿಂದ ಅವರಿಬ್ಬರಿಗೂ ಜಗಳವಿಲ್ಲ. ಆಪರೇಷನ್ ದಿನ ಅವಳು ಸುಣ್ಣದ ಕೂದಲಿನಲ್ಲೇ ಆಸ್ಪತ್ರೆಗೆ ಬಂದು ನನ್ನ ಪಕ್ಕದಲ್ಲಿ ಕೂತಿದ್ದಳು.

ಮಾವ ಚೇತರಿಸಿಕೊಂಡು ಮನೆಗೆ ಬಂದರು. ಕತ್ತಿನಲ್ಲಿ ಉಸಿರಾಡಲು ಒಂದು ತೂತು, ಅದರ ಮೇಲೆ ಇಳಿಬಿಡಲು ನಾನು ತೆಳುವಾದ ಬಟ್ಟೆಯಲ್ಲಿ ಪಟ್ಟಿಗಳನ್ನು ಹೊಲಿದುಕೊಟ್ಟೆ. ಬೆಳಗ್ಗೆ ಹಾಲು ಬಂದರೆ ಬಾಗಿಲು ಬಡಿಯುವರು. ಬೇಕಾದದ್ದನ್ನು ಕೈಸನ್ನೆಯಲ್ಲಿ ಹೇಳುವರು, ನನಗೆ ಅರ್ಥವಾಗದಿದ್ದರೆ ತಲೆ ಚಚ್ಚಿಕೊಳ್ಳುವರು. ನಾನು ಎಂದಿನಂತೆ ಬೈಯುತ್ತಿದ್ದೆ. ಎದುರುತ್ತರ ಬರದೆ ನನ್ನ ಬೈಗುಳ ಅರ್ಧಕ್ಕೇ ನಿಂತುಹೋಗುತ್ತಿತ್ತು.

ಗ್ರಂಥಾಲಯ ತೆರೆದ ದಿನ ಮಾವ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ನನಗಿಂತ ಮೊದಲೇ ಬಾಗಿಲಲ್ಲಿ ನಿಂತಿದ್ದರು. ಗುಮ್ಮಟ ಹೊಸ ಸುಣ್ಣ ಕಂಡಿತ್ತು, ಗಾಜಿನ ಕಿಂಡಿಯಿಂದ ಬೆಳಕು ನೆಲದ ತನಕ ಬರುತ್ತಿತ್ತು. ಜನ ಸಾಲಾಗಿ ಹೆಡ್‌ಫೋನ್ ತೆಗೆದುಕೊಂಡು ಹೋದರು. ನಾನೂ ಒಂದನ್ನು ಕಿವಿಗೆ ಹಾಕಿಕೊಂಡೆ. ಬಂದವರಿಗೆಲ್ಲ ನಮಸ್ಕಾರ, ತಲೆ ಎತ್ತಿ ನೋಡಿ ಎಂದರು ಮಾವ. ಅದೇ ದನಿ. ನನಗೆ ಬೇಕಾದದ್ದು ಸಿಕ್ಕಿತ್ತು. ಆದರೆ ಸ್ವಲ್ಪ ದೂರ ನಡೆಯುವಷ್ಟರಲ್ಲಿ ನಾನು ಹೆಜ್ಜೆ ನಿಲ್ಲಿಸಿದೆ. ದನಿ ಅವರದ್ದು, ಮಾತು ಅವರದ್ದಲ್ಲ. ಯಾರೂ ನಗುತ್ತಿರಲಿಲ್ಲ, ಯಾರೂ ಒಬ್ಬರ ಮುಖ ಒಬ್ಬರು ನೋಡುತ್ತಿರಲಿಲ್ಲ. ಎಲ್ಲರೂ ಒಟ್ಟಿಗೆ ತಲೆ ಎತ್ತಿದರು, ಒಟ್ಟಿಗೆ ಎಡಕ್ಕೆ ತಿರುಗಿದರು. ಮಾವ ಗೋಡೆ ಬದಿಯ ಬೆಂಚಿನಲ್ಲಿ ಕೂತು ಅವರ ಬೆನ್ನುಗಳನ್ನು ನೋಡುತ್ತಿದ್ದರು. ಅವರದೇ ದನಿ ಅಷ್ಟೂ ಜನರ ಕಿವಿಯಲ್ಲಿತ್ತು, ಅವರ ಕಡೆ ಮಾತ್ರ ಯಾರೂ ತಿರುಗಲಿಲ್ಲ.

ಆಗ ಒಬ್ಬ ಹೆಂಗಸು ಹೆಡ್‌ಫೋನ್ ಕಳಚಿ ಕತ್ತಿಗೆ ಹಾಕಿಕೊಂಡು ಮಾವನ ಹತ್ತಿರ ಬಂದಳು. ಗ್ಯಾಲರಿಗಿಂತ ಮೇಲೆ, ಗುಮ್ಮಟ ಶುರುವಾಗುವ ಕಡೆ, ಗೋಡೆಯಲ್ಲಿ ಒಂದು ಗೂಡು ಇದೆ. ಅದಕ್ಕೆ ಏಣಿಯಿಲ್ಲ, ಮೆಟ್ಟಿಲಿಲ್ಲ, ಒಬ್ಬರು ಮಂಡಿ ಮಡಿಸಿ ಕೂರುವಷ್ಟೇ ಜಾಗ. ಅದು ಯಾಕೆ ಅಲ್ಲಿದೆ, ಇದರಲ್ಲಿ ಅದರ ಮಾತೇ ಬರಲಿಲ್ಲವಲ್ಲ ಎಂದು ಕೇಳಿದಳು.

ಮಾವ ಥಟ್ಟನೆ ಎದ್ದು ನಿಂತರು. ಕೈ ಮೇಲೆ ಹೋಯಿತು, ಬಾಯಿ ತೆರೆಯಿತು, ತುಟಿ ಅಲುಗಿತು. ಕತ್ತಿನ ಪಟ್ಟಿ ಮಾತ್ರ ಉಸಿರಿಗೆ ಪಟಪಟ ಎಂದಿತು. ಆ ಹೆಂಗಸಿನ ಮುಖ ಬಿಳಿಚಿಕೊಂಡಿತು. ಸುತ್ತಿಗೆ ಮೇಡಂ ಓಡಿ ಬಂದಳು. ಕ್ಷಮಿಸಿ, ಆ ಗೂಡು ಯಾಕಿದೆ ಅಂತ ನಮಗೂ ಗೊತ್ತಾಗಿಲ್ಲ, ಎಲ್ಲೂ ಆಧಾರ ಸಿಕ್ಕಿಲ್ಲ ಎಂದಳು. ಹೌದಾ ಎಂದು ಹೆಂಗಸು ಹೆಡ್‌ಫೋನನ್ನು ಮತ್ತೆ ಕಿವಿಗೆ ಏರಿಸಹೊರಟಳು. ಮಾವ ಕೈ ಇಳಿಸಿದರು.

ಆ ಇಳಿದ ಕೈಯನ್ನು ನಾನು ನೋಡಿದೆ. ನನಗೆ ತಡೆಯಲಾಗಲಿಲ್ಲ.

"ಅದು ಮೇಸ್ತ್ರಿ ಸೊಸೆ ಕೂತ್ಕೊತಿದ್ದ ಜಾಗ," ಎಂದೆ.

ಎಲ್ಲರೂ ನನ್ನ ಕಡೆ ತಿರುಗಿದರು. ನನ್ನ ಬಾಯಿಂದ ಬಂದದ್ದು ನನಗೇ ನಂಬಲಾಗಲಿಲ್ಲ. ಆದರೂ ನಿಲ್ಲಿಸಲಿಲ್ಲ. ಗುಮ್ಮಟ ಕಟ್ಟುವಾಗ ಕಲ್ಲಿನ ಧೂಳು ಕುಡಿದು ಕುಡಿದು ಹಿರಿಯ ಮೇಸ್ತ್ರಿಯ ಗಂಟಲು ಹೋಯಿತು ಎಂದೆ. ಲೆಕ್ಕಾಚಾರವೆಲ್ಲ ಅವರ ತಲೆಯಲ್ಲಿ, ಆದರೆ ಕೂಗಿ ಹೇಳಲು ದನಿಯಿಲ್ಲ, ಕೆಲಸ ನಿಂತುಹೋಗುವಂತಾಯಿತು. ಆಗ ಸೊಸೆ ಅಷ್ಟೆತ್ತರ ಹತ್ತಿ ಆ ಗೂಡಿನಲ್ಲಿ ಕೂತಳು. ಕೆಳಗಿನಿಂದ ಮಾವ ಕೈ ಆಡಿಸುವುದು, ಮೇಲಿನಿಂದ ಇವಳು ಕೂಗುವುದು. ಕಲ್ಲು ಎಡಕ್ಕೆ, ಗಾರೆ ಬಲಕ್ಕೆ, ಇನ್ನೊಂದು ಸಾಲು, ನಿಲ್ಲಿಸಿ. ಆ ಗುಮ್ಮಟ ಮೇಲೆದ್ದದ್ದು ಅವರ ಕೈಯಿಂದ, ಇವಳ ಬಾಯಿಂದ. ಹೇಳುತ್ತಾ ಹೇಳುತ್ತಾ ನನ್ನ ಕಣ್ಣು ಮಂಜಾಯಿತು, ಎದುರಿಗಿದ್ದವರು ಯಾರೂ ಸರಿಯಾಗಿ ಕಾಣಲಿಲ್ಲ.

ಮಾವ ನನ್ನನ್ನೇ ನೋಡುತ್ತಿದ್ದರು. ನಾನು ಒಂದು ಗಳಿಗೆ ನಿಂತದ್ದೇ ತಡ, ಅವರು ಜನರ ಕಡೆ ತಿರುಗಿ, ಬೆರಳುಗಳನ್ನು ಕೊಕ್ಕಿನಂತೆ ಜೋಡಿಸಿ ಪಟಪಟ ಬಡಿದು ತೋರಿಸಿದರು.

"ಹೌದು, ಆ ಸೊಸೆ ಸ್ವಲ್ಪ ಬಾಯಿಬಡುಕಿನೇ," ಎಂದೆ.

ಗುಮ್ಮಟದ ಕೆಳಗೆ ನಗು ಎದ್ದಿತು. ದೂರದಲ್ಲಿದ್ದವರೂ ಹೆಡ್‌ಫೋನ್ ಕಳಚಿ ಹತ್ತಿರ ಬಂದರು. ನಾನು ಕಣ್ಣೊರೆಸಿಕೊಂಡು ಸುತ್ತಿಗೆ ಮೇಡಂ ಕಡೆ ನೋಡಿದೆ. ಒಂದೇ ಒಂದು ಬುರುಡೆಯೂ ಇರಬಾರದು ಎಂದವಳು, ಈಗ ಎಲ್ಲರೆದುರು ಕೈ ಎತ್ತುತ್ತಾಳೆ ಎಂದು ಕಾದೆ. ಅವಳು ಗೂಡನ್ನು ನೋಡಿದಳು, ಮಾವನನ್ನು ನೋಡಿದಳು, ಮೂಗು ಒರೆಸಿಕೊಂಡಳು.

"ಆಮೇಲೆ?" ಎಂದಳು.

ಆಮೇಲೆ ಏನೆಂದು ನನಗೂ ಗೊತ್ತಿರಲಿಲ್ಲ. ಮಾವನ ಕಡೆ ತಿರುಗಿದೆ. ಅವರು ಆಗಲೇ ಅಂಗಿಯ ತೋಳು ಮಡಚಿಕೊಂಡು ಎರಡೂ ಕೈ ಮೇಲೆತ್ತಿದ್ದರು.